ಸಾಲ ತಂದ ಸಾಲು

ಓದುವ ದಿನಗಳಲ್ಲಿ ನಾನು ಬರೆದ ಒಂದು ಪ್ರಬಂಧ ಇನ್ನೂ ನನ್ನ ಹತ್ತಿರ ಇದೆ. ಅದರ ಮೂರನೇ ಅಧ್ಯಾಯದ ಕೊನೆಯ ಸಾಲಿನ ಪಕ್ಕ ನನ್ನ ಗೈಡ್ ಪೆನ್ಸಿಲಿನಲ್ಲಿ ‘ಚೆನ್ನಾಗಿದೆ’ ಎಂದು ಬರೆದಿದ್ದರು. ಅವರು ಹಾಗೆ ಬರೆದದ್ದು ಅದೊಂದೇ ಕಡೆ. ಮಿಕ್ಕ ಪುಟಗಳ ತುಂಬ ‘ಆಧಾರ?’, ‘ಅಸ್ಪಷ್ಟ’, ‘ಯಾರು ಹೇಳಿದ್ದು?’ ಇಂಥವೇ. ಹಾಗಾಗಿ ಆ ಸಾಲಿನ ಮೇಲೆ ನನಗೆ ವಿಪರೀತ ಮೋಹ. ಮಾತಿನ ಮಧ್ಯೆ ಎಷ್ಟೋ ಸಲ ಅದನ್ನು ಬಳಸಿದ್ದೇನೆ, ‘ನಾನೊಂದು ಕಡೆ ಬರೆದಿದ್ದೆ’ ಎಂದು ಸ್ವಲ್ಪ ಗತ್ತಿನಲ್ಲೇ ಹೇಳಿಕೊಂಡಿದ್ದೇನೆ.

ಹೋದ ವರ್ಷ ಬೇರೇನೋ ಹುಡುಕುತ್ತ ಒಂದು ಹಳೆಯ ಪುಸ್ತಕ ತಿರುವಿ ಹಾಕುತ್ತಿದ್ದೆ. ಅಲ್ಲಿ ಆ ಸಾಲು ಕೂತಿತ್ತು. ಎರಡು ಪದ ಮಾತ್ರ ಬೇರೆ. ಕೆಳಗೆ ಪೆನ್ಸಿಲ್ ಗೆರೆ. ಗೆರೆ ಎಳೆದದ್ದು ನಾನೇ.

ಎದೆ ಧಸಕ್ಕೆಂದಿತು. ಯಾರಿಗೂ ಗೊತ್ತಿಲ್ಲ, ಯಾರೂ ಕೇಳುವುದೂ ಇಲ್ಲ, ಆದರೂ ಸುತ್ತ ಯಾರಾದರೂ ಇದ್ದಾರಾ ಅಂತ ಒಮ್ಮೆ ನೋಡಿದೆ.

ಬೇಕಂತ ಕದ್ದಿರಲಿಲ್ಲ, ಅದಂತೂ ಖಂಡಿತ. ಮತ್ತೆ ಹೇಗೆ ಬಂತು? ಹಳೆಯ ನೋಟ್‌ಬುಕ್ ಹುಡುಕಿ ತೆಗೆದ ಮೇಲೆ ಗೊತ್ತಾಯಿತು. ಪುಟದ ಮೇಲ್ಗಡೆ ಆ ಪುಸ್ತಕದ ಹೆಸರಿದೆ. ಕೆಳಗೆ ಹತ್ತು ಹನ್ನೆರಡು ವಾಕ್ಯ. ಕೆಲವು ಲೇಖಕರ ಮಾತು, ಕೆಲವು ನಾನು ಮಾಡಿಕೊಂಡ ಸಾರಾಂಶ, ಕೆಲವು ಓದುತ್ತ ಓದುತ್ತ ನನಗೇ ಹೊಳೆದದ್ದು. ಮೂರೂ ಒಂದೇ ಶಾಯಿಯಲ್ಲಿ ಒಂದರ ಬೆನ್ನಿಗೊಂದು ಇವೆ. ಉದ್ಧರಣ ಚಿಹ್ನೆ ಇಲ್ಲ, ಪುಟ ಸಂಖ್ಯೆ ಇಲ್ಲ. ಬರೆದುಕೊಂಡ ದಿನ ಯಾವುದು ಯಾರದ್ದು ಅಂತ ನನಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಗುರುತು ಹಾಕುವ ಗೋಜಿಗೆ ಹೋಗಿರಲಿಲ್ಲ. ಆರು ತಿಂಗಳು ಬಿಟ್ಟು ಪ್ರಬಂಧ ಬರೆಯಲು ಕೂತಾಗ ಕಂಡದ್ದು ನನ್ನ ಕೈಬರಹ ಮಾತ್ರ. ನನ್ನ ಕೈಬರಹ ಅಂದಮೇಲೆ ನನ್ನ ಮಾತೇ ಅಲ್ವಾ.

ಈಗ ನಾನು ಬೇರೆಯವರ ಬರಹ ತಿದ್ದುವ ಕಡೆ ಕೂತಿದ್ದೇನೆ. ಕೃತಿಚೌರ್ಯದ ಬಗ್ಗೆ ವಿದ್ಯಾರ್ಥಿಗಳಿಗೆ ನಾವು ಕೊಡುವ ಬುದ್ಧಿವಾದ ಎಲ್ಲ ಬರೆಯುವ ಹೊತ್ತಿಗೆ ಸಂಬಂಧಪಟ್ಟದ್ದು. ಕೋಟ್ ಹಾಕಿ, ಆಕರ ಕೊಡಿ, ನಿಮ್ಮದೇ ಮಾತಿನಲ್ಲಿ ಬರೆಯಿರಿ. ಆದರೆ ಅಷ್ಟು ಹೊತ್ತಿಗೆ ಆಗಬೇಕಾದ ಎಡವಟ್ಟು ಆಗಿಹೋಗಿರುತ್ತದೆ. ಅದು ಆಗುವುದು ಓದುವಾಗ, ಟಿಪ್ಪಣಿ ಮಾಡಿಕೊಳ್ಳುವಾಗ, ಯಾರೂ ನೋಡದಿರುವಾಗ. ಬೇಕಂತಲೇ ಕಾಪಿ ಹೊಡೆಯುವವರ ವಿಷಯ ಬೇರೆ, ಅವರಿಗೆ ತಾವು ಏನು ಮಾಡುತ್ತಿದ್ದೇವೆ ಅಂತ ಗೊತ್ತಿರುತ್ತದೆ. ನಾನು ಹೇಳುತ್ತಿರುವುದು ಗೊತ್ತಿಲ್ಲದೆ ಸಿಕ್ಕಿಹಾಕಿಕೊಳ್ಳುವ ನನ್ನಂಥವರ ಬಗ್ಗೆ.

ಹೆಲೆನ್ ಕೆಲ್ಲರ್ ಬಾಲ್ಯದ ಒಂದು ಘಟನೆ ಈ ವಿಷಯದಲ್ಲಿ ನನ್ನನ್ನು ಬಹಳ ಕಾಡುತ್ತದೆ. ಕಣ್ಣು ಕಾಣದ, ಕಿವಿ ಕೇಳದ ಆ ಹುಡುಗಿ 1891ರಲ್ಲಿ, 11 ವರ್ಷದವಳಿದ್ದಾಗ, ಒಂದು ಪುಟ್ಟ ಕತೆ ಬರೆದು ಅಂಧರ ಶಾಲೆಯ ಮುಖ್ಯಸ್ಥರಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಕಳಿಸಿದಳು. ಅವರು ಖುಷಿಪಟ್ಟು ಅಚ್ಚು ಹಾಕಿಸಿದರು. ಸ್ವಲ್ಪ ದಿನದಲ್ಲೇ ಗೊತ್ತಾಯಿತು, ಮಾರ್ಗರೆಟ್ ಕ್ಯಾನ್‌ಬಿ ಎಂಬಾಕೆ ಮೊದಲೇ ಬರೆದಿದ್ದ ಮಕ್ಕಳ ಕತೆಗೂ ಇದಕ್ಕೂ ಹೆಚ್ಚು ವ್ಯತ್ಯಾಸವೇ ಇಲ್ಲ ಎಂದು. ವಿಚಾರಣೆ ನಡೆಯಿತು. ಟೀಚರನ್ನು ಹೊರಗೆ ಕಳಿಸಿ, ಅವಳೊಬ್ಬಳನ್ನೇ ಕೂರಿಸಿಕೊಂಡು ದೊಡ್ಡವರೆಲ್ಲ ಪ್ರಶ್ನೆ ಕೇಳಿದರು. ಪಾಪ, ಅವಳಿಗೆ ಏನೂ ನೆನಪಿರಲಿಲ್ಲ. ಸುಮಾರು ಮೂರು ವರ್ಷ ಹಿಂದೆ ಯಾರೋ ಅಂಗೈ ಮೇಲೆ ಬೆರಳಿನಿಂದ ಅಕ್ಷರ ಮೂಡಿಸಿ ಹೇಳಿದ್ದ ಕತೆ ಅದು. ಯಾರು ಹೇಳಿದರು, ಯಾವಾಗ ಹೇಳಿದರು ಎಲ್ಲ ಮರೆತುಹೋಗಿತ್ತು, ಕತೆ ಮಾತ್ರ ಒಳಗೆ ಉಳಿದಿತ್ತು. 1903ರಲ್ಲಿ ಬಂದ ಆತ್ಮಕತೆಯಲ್ಲಿ ಅವರು ಇದನ್ನು ವಿವರವಾಗಿ ಬರೆದಿದ್ದಾರೆ. ಆಮೇಲೆ ಅಮ್ಮನಿಗೆ ಕಾಗದ ಬರೆಯಲು ಕೂತರೂ ದಿಗಿಲಾಗುತ್ತಿತ್ತಂತೆ, ಈ ವಾಕ್ಯ ಎಲ್ಲೋ ಪುಸ್ತಕದಲ್ಲಿ ಓದಿದ್ದಲ್ಲ ತಾನೇ ಎಂದು ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದರಂತೆ.

ಈಗ ನಾನು ‘ಅಂತೆ’ ಅಂದೆ ನೋಡಿ. ಮಾತಾಡುವಾಗ ನಮಗೆ ಯಾರೂ ಇದನ್ನು ಕಲಿಸಬೇಕಾಗಿಲ್ಲ. ಕಣ್ಣಾರೆ ನೋಡಿದ್ದರೆ ‘ಮಳೆ ಬಂತು’ ಅನ್ನುತ್ತೇವೆ. ಯಾರೋ ಹೇಳಿ ಗೊತ್ತಾಗಿದ್ದರೆ ‘ಮಳೆ ಬಂತಂತೆ’. ಆಗಷ್ಟೇ ಮಾತು ಕಲಿತ ಮಗುವೂ ‘ಅಜ್ಜಿ ಬರ್ತಾರಂತೆ’ ಅನ್ನುತ್ತದೆ. ಎರಡಕ್ಷರದಲ್ಲಿ ಆಕರ ಕೊಟ್ಟು ಮುಗಿಯಿತು! ಇಷ್ಟು ಸಲೀಸಾದ ವ್ಯವಸ್ಥೆ ಬಾಯಲ್ಲೇ ಇಟ್ಟುಕೊಂಡಿರುವ ನಾವು ಬರೆಯಲು ಕೂತ ತಕ್ಷಣ ಅದನ್ನು ಕಳಚಿಡುತ್ತೇವೆ. ಅಂತೆ ಕಂತೆ ಬರೆಯಬಾರದು, ಪ್ರಬಂಧದ ಭಾಷೆ ಗಟ್ಟಿಯಾಗಿರಬೇಕು ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ಸರಿ, ಅದನ್ನು ತೆಗೆಯಿರಿ. ಆದರೆ ಅದು ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದಾದರೂ ಮಾಡಬೇಕಲ್ಲ? ‘ಅವರ ಪ್ರಕಾರ’, ‘ಇಂಥವರು ವಾದಿಸುತ್ತಾರೆ’, ‘ಇಂಥ ಪುಸ್ತಕದಲ್ಲಿ ಹೀಗಿದೆ’ ಏನೋ ಒಂದು ಆ ಜಾಗಕ್ಕೆ ಬರಬೇಕು. ಬರುವುದಿಲ್ಲ. ‘ಮಳೆ ಬಂತಂತೆ’ ಇದ್ದದ್ದು ಪ್ರಬಂಧದಲ್ಲಿ ‘ಮಳೆ ಬಂದಿತು’ ಆಗಿಬಿಡುತ್ತದೆ, ಬರೆದವರೇ ಕಿಟಕಿಯಲ್ಲಿ ನಿಂತು ನೋಡಿದ ಹಾಗೆ.

ಕನ್ನಡದಲ್ಲಿ ಇನ್ನೊಂದು ಕಷ್ಟವೂ ಇದೆ. ‘ನಾನು ಬರುತ್ತೇನೆ ಎಂದು ಹೇಳಿದಳು.’ ಇದರಲ್ಲಿ ಅವಳು ಹೇಳಿದ ಮಾತನ್ನೇ ಇಟ್ಟಿದ್ದೀರೋ, ಅರ್ಥ ಮಾತ್ರ ಹೇಳುತ್ತಿದ್ದೀರೋ? ‘ಎಂದು’ ಎರಡಕ್ಕೂ ಬರುತ್ತದೆ. ಹಾಗಾಗಿ ‘ಭಾಷೆ ಬದಲಾಗುತ್ತಲೇ ಇರುತ್ತದೆ ಎಂದು ಲೇಖಕರು ಹೇಳುತ್ತಾರೆ’ ಅಂತ ವಿದ್ಯಾರ್ಥಿ ಬರೆದರೆ, ಆ ಪದಗಳು ಲೇಖಕರವೋ ವಿದ್ಯಾರ್ಥಿಯವೋ ಓದುವವರಿಗೆ ತಿಳಿಯುವುದೇ ಇಲ್ಲ. ಹೆಸರು ಹೇಳಿದ್ದೇನಲ್ಲ, ಮತ್ತೇನು ಅಂತ ತುಂಬಾ ಜನ ಕೇಳುತ್ತಾರೆ. ಹೆಸರು ಹೇಳಿದರೆ ವಿಚಾರ ಯಾರದ್ದು ಅನ್ನುವುದಕ್ಕೆ ಉತ್ತರ ಸಿಕ್ಕಿತು. ಪದಗಳು ಯಾರವು ಅನ್ನುವುದಕ್ಕೆ ಸಿಗಲಿಲ್ಲ. ಆ ಎರಡನೇ ಪ್ರಶ್ನೆಗೆ ಉತ್ತರ ಕೊಡುವುದು ಉದ್ಧರಣ ಚಿಹ್ನೆ ಮಾತ್ರ. ಪದಕ್ಕೆ ಪದ ಅವರದ್ದೇ ಆಗಿದ್ದರೆ ಹೆಸರೂ ಬೇಕು, ಚಿಹ್ನೆಯೂ ಬೇಕು.

ಇನ್ನು ‘ನಿಮ್ಮದೇ ಮಾತಿನಲ್ಲಿ ಬರೆಯಿರಿ’ ಅನ್ನುವುದು. ಕೇಳಲು ಸುಲಭ. ಒಂದು ಉದಾಹರಣೆ ಕೊಡುತ್ತೇನೆ, ಮೂಲವನ್ನೂ ನಾನೇ ಬರೆದಿದ್ದೇನೆ, ಹೋಲಿಸಿ ನೋಡಲಿಕ್ಕೆ:

‘ನೀರು ಹೆಪ್ಪುಗಟ್ಟುವಾಗ ಅದರ ಅಣುಗಳು ನಡುವೆ ಜಾಗ ಬಿಟ್ಟುಕೊಂಡು ಜೋಡಣೆಯಾಗುತ್ತವೆ. ಇದರಿಂದ ಮಂಜುಗಡ್ಡೆ ಅದೇ ತೂಕದ ನೀರಿಗಿಂತ ಸುಮಾರು ಶೇಕಡಾ 9ರಷ್ಟು ಹೆಚ್ಚು ಜಾಗ ಹಿಡಿಯುತ್ತದೆ, ಹಾಗಾಗಿ ತೇಲುತ್ತದೆ. ಚಳಿನಾಡಿನ ಕೆರೆಗಳು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಕೆಳಗಿನ ನೀರಿನಲ್ಲಿ ಮೀನುಗಳು ಬದುಕಿ ಉಳಿಯುತ್ತವೆ.’

ಇದನ್ನು ‘ಸ್ವಂತ ಮಾತಿನಲ್ಲಿ’ ಬರೆದುಕೊಂಡು ಬನ್ನಿ ಅಂದರೆ ನನಗೆ ಸಿಗುವುದು ಹೀಗಿರುತ್ತದೆ: ‘ಜಲವು ಘನೀಭವಿಸುವಾಗ ಅದರ ಅಣುಗಳು ಮಧ್ಯದಲ್ಲಿ ಅಂತರ ಬಿಟ್ಟುಕೊಂಡು ವ್ಯವಸ್ಥಿತಗೊಳ್ಳುತ್ತವೆ. ಇದರ ಪರಿಣಾಮವಾಗಿ ಹಿಮಗಡ್ಡೆಯು ಅಷ್ಟೇ ತೂಕದ ಜಲಕ್ಕಿಂತ ಸರಿಸುಮಾರು ಶೇಕಡಾ 9ರಷ್ಟು ಅಧಿಕ ಸ್ಥಳವನ್ನು ಆಕ್ರಮಿಸುತ್ತದೆ...’ ಮುಂದೆ ಮೀನು ಮತ್ಸ್ಯವಾಗಿರುತ್ತದೆ, ಕೆರೆ ಜಲಾಶಯವಾಗಿರುತ್ತದೆ. (ಕೆರೆಗೂ ಜಲಾಶಯಕ್ಕೂ ವ್ಯತ್ಯಾಸ ಇದೆ ಅನ್ನುವುದು ಆ ಗಡಿಬಿಡಿಯಲ್ಲಿ ಯಾರಿಗೂ ಬೇಡ.) ನಮಗೆ ಇದು ಬಲು ಸುಲಭ. ಪ್ರತಿ ಕನ್ನಡ ಪದದ ಪಕ್ಕದಲ್ಲೂ ಒಂದು ಸಂಸ್ಕೃತ ಪದ ರೆಡಿ ಇರುತ್ತದೆ, ಇದನ್ನು ತೆಗೆದು ಅದನ್ನು ಇಟ್ಟರೆ ಸಾಕು, ನೋಡಲು ಬೇರೆಯದೇ ಬರಹ, ಮೇಲಾಗಿ ಪಂಡಿತರದ್ದರ ಹಾಗೂ ಕಾಣುತ್ತದೆ! ಆದರೆ ವಾಕ್ಯಗಳ ಎಲುಬು ಒಂದೂ ಅಲುಗಿಲ್ಲ. ಅದೇ ಕ್ರಮ, ಅದೇ ‘ಇದರಿಂದ’, ಅದೇ ‘ಹಾಗಾಗಿ’. ಹಳೆ ಮನೆಗೆ ಬಣ್ಣ ಹೊಡೆದು ಹೊಸ ಮನೆ ಅಂದ ಹಾಗೆ.

ಅಮೆರಿಕದಲ್ಲಿ ಬರವಣಿಗೆ ಕಲಿಸುತ್ತಿದ್ದ ರೆಬೆಕ್ಕಾ ಮೂರ್ ಹೊವಾರ್ಡ್ ಎಂಬ ವಿದ್ವಾಂಸೆ ಇಂಥ ಬರಹಕ್ಕೆ 1990ರ ದಶಕದಲ್ಲಿ ‘ಪ್ಯಾಚ್‌ರೈಟಿಂಗ್’ ಎಂದು ಹೆಸರಿಟ್ಟರು. ತೇಪೆ ಬರಹ ಅನ್ನಬಹುದು. ಇದನ್ನು ಸುಮ್ನೆ ಕಳ್ಳತನ ಎಂದು ದಂಡ ಹಾಕಬೇಡಿ, ಹೊಸ ವಿಷಯದ ಭಾಷೆ ಇನ್ನೂ ಬಾಯಿಗೆ ಬಾರದವರು ಕಲಿಯುವ ಒಂದು ಹಂತ ಇದು ಎಂಬುದು ಅವರ ವಾದ. ನನಗೆ ಈ ಮಾತು ಹಿಡಿಸಿತು. ತೇಪೆ ಬರಹ ತಂದ ವಿದ್ಯಾರ್ಥಿಯನ್ನು ‘ಮಂಜುಗಡ್ಡೆ ಯಾಕೆ ತೇಲುತ್ತೆ, ನೋಡದೆ ಹೇಳು’ ಅಂತ ಕೇಳಿದರೆ ಸಾಮಾನ್ಯವಾಗಿ ತಡವರಿಸುವುದನ್ನೇ ನೋಡಿದ್ದೇನೆ. ಮೋಸ ಮಾಡುವ ಮನಸ್ಸಿಗಿಂತ ಅರ್ಥವಾಗದಿರುವುದೇ ಅಲ್ಲಿ ಜಾಸ್ತಿ. ಹಾಗಂತ ಹಾಗೇ ಸಲ್ಲಿಸಿದರೆ ಬಿಡುತ್ತಾರೆ ಅಂತಲ್ಲ. ಹೆಚ್ಚಿನ ಕಡೆ ಅದೂ ಕೃತಿಚೌರ್ಯವೇ.

ನಾನು ಮಾಡುವುದು, ಮಾಡಿಸುವುದು ಇಷ್ಟೇ. ಪುಸ್ತಕ ಮುಚ್ಚಿ. ಮುಚ್ಚಿ ಅಂದರೆ ನಿಜವಾಗಿಯೂ ಮುಚ್ಚಿ, ಪಕ್ಕದಲ್ಲಿ ತೆರೆದಿಟ್ಟುಕೊಂಡು ಬೇರೆ ಕಡೆ ನೋಡುವುದಲ್ಲ. ಯಾರಾದರೂ ಸಿಕ್ಕರೆ ಬಾಯಲ್ಲಿ ಹೇಳಿ, ಸಿಗದಿದ್ದರೆ ಗೋಡೆಗೆ ಹೇಳಿ. ಆಮೇಲೆ ಬರೆಯಿರಿ. ಬರೆದಾದ ಮೇಲೆ ಪುಸ್ತಕ ತೆಗೆದು ಎರಡು ವಿಷಯ ನೋಡಿ: ಅಂಕಿಸಂಖ್ಯೆ, ಅರ್ಥ ಸರಿ ಇದೆಯಾ, ಮತ್ತೆ ಮೂಲದ ಯಾವುದಾದರೂ ನುಡಿಗಟ್ಟು ಗೊತ್ತಿಲ್ಲದೆ ನುಸುಳಿದೆಯಾ. ಹಾಗೆ ಬರೆದರೆ ಮೇಲಿನ ಪ್ಯಾರಾ ಹೀಗೆ ಬರಬಹುದು: ‘ಮೇಲೆಲ್ಲ ಹೆಪ್ಪುಗಟ್ಟಿದ ಕೆರೆಯಲ್ಲಿ ಮೀನು ಹೇಗೆ ಬದುಕುತ್ತದೆ? ಲೇಖಕರು ಇದಕ್ಕೆ ನೀರಿನ ಒಂದು ವಿಚಿತ್ರ ಗುಣವನ್ನು ಕಾರಣವಾಗಿ ಕೊಡುತ್ತಾರೆ. ಗಟ್ಟಿಯಾದಾಗ ಅದು ಕುಗ್ಗುವ ಬದಲು ಶೇಕಡಾ 9ರಷ್ಟು ಹಿಗ್ಗಿ ಹಗುರಾಗುತ್ತದೆ. ಮುಳುಗದ ಆ ಮಂಜು ಕೆಳಗಿನ ನೀರಿಗೆ ಮುಚ್ಚಳವಾಗುತ್ತದೆ.’ ಕ್ರಮ ತಿರುಗಿದೆ. ಪ್ರಶ್ನೆ ನನ್ನದು. ‘ಮುಚ್ಚಳ’ ನನ್ನದು. ಆದರೆ ‘ಲೇಖಕರು ಕಾರಣವಾಗಿ ಕೊಡುತ್ತಾರೆ’ ಅನ್ನುವ ಮಾತು ಉಳಿದಿದೆ ನೋಡಿ, ಪುಟ ಸಂಖ್ಯೆಯೂ ಜೊತೆಗೆ ಬರಬೇಕು. ಪದ ಬದಲಾದರೆ ಉದ್ಧರಣ ಚಿಹ್ನೆ ಬೇಡವಾಗುತ್ತದೆ ಅಷ್ಟೇ, ಆಕರ ಬೇಡವಾಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬರೆಯುವವರದ್ದು ಇನ್ನೊಂದು ಬಗೆ. ಅನುವಾದ ಮಾಡುವಾಗ ಎಷ್ಟು ಬೆವರು ಸುರಿದಿರುತ್ತದೆ ಅಂದರೆ, ಮುಗಿಯುವ ಹೊತ್ತಿಗೆ ಇದು ನನ್ನದೇ ಅನ್ನಿಸಿಬಿಡುತ್ತದೆ. ಪ್ರತಿ ಕನ್ನಡ ಪದವನ್ನೂ ಹುಡುಕಿದ್ದು ನಾನೇ ತಾನೇ? ಹೌದು, ಪದ ನಿಮ್ಮದು. ವಾದ, ಉದಾಹರಣೆ, ಒಂದಾದ ಮೇಲೊಂದು ಬರುವ ಕ್ರಮ ಎಲ್ಲ ಅವರದ್ದು. ಸಾಲು ಸಾಲಾಗಿ ಅನುವಾದಿಸಿದರೆ ಅದು ಉದ್ಧರಣೆಗೇ ಸಮ, ‘ಅನುವಾದ ನನ್ನದು’ ಅಂತ ಹೇಳಿ ಕೋಟ್ ಒಳಗೆ ಇಡಬೇಕು. ತಾಳೆ ನೋಡುವ ಸಾಫ್ಟ್‌ವೇರ್‌ಗಳು ಭಾಷೆ ದಾಟಿ ಬಂದದ್ದನ್ನು ಹಿಡಿಯುವುದರಲ್ಲಿ ಸಾಮಾನ್ಯವಾಗಿ ಹಿಂದೆ, ಅದು ಎಲ್ಲರಿಗೂ ಗೊತ್ತು. ಅದಕ್ಕೇ ಈ ದಾರಿಯಲ್ಲಿ ಇಷ್ಟೊಂದು ಓಡಾಟ.

ಸಾಫ್ಟ್‌ವೇರ್ ಅಂದಾಗ ನೆನಪಾಯಿತು. ಟರ್ನಿಟಿನ್‌ನಂಥವು ಕೊಡುವ ಶೇಕಡಾವಾರು ಸಂಖ್ಯೆ ಹೋಲಿಕೆಯ ಲೆಕ್ಕ, ಕೃತಿಚೌರ್ಯದ ಲೆಕ್ಕ ಅಲ್ಲ. ಅದನ್ನು ಮಾಡಿದವರೇ ಹಾಗೆ ಹೇಳುತ್ತಾರೆ. ನೀವು ಸರಿಯಾಗಿ ಚಿಹ್ನೆ ಹಾಕಿ ಕೊಟ್ಟ ಉದ್ಧರಣೆಯೂ, ಕೊನೆಯ ಪುಸ್ತಕಪಟ್ಟಿಯೂ ಬೇರ್ಪಡಿಸದಿದ್ದರೆ ಅದರಲ್ಲಿ ಸೇರಿಕೊಳ್ಳುತ್ತವೆ. ಆದರೂ ನನ್ನ ಹತ್ತಿರ ಬರುವ ಪ್ರಶ್ನೆ ಒಂದೇ: ‘ಎಷ್ಟು ಪರ್ಸೆಂಟ್ ಒಳಗಿರಬೇಕು?’ ಆಮೇಲೆ ಪರ್ಸೆಂಟ್ ಇಳಿಸಲು ಅದೇ ಜಲ, ಅದೇ ಮತ್ಸ್ಯ. ಈಗ ಚಾಟ್‌ಬಾಟ್ ಬೇರೆ ಇದೆ, ಕ್ಷಣದಲ್ಲಿ ಪದ ತಿರುಗಿಸಿ ಕೊಡುತ್ತದೆ, ಕೇಳಿದರೆ ಜಗತ್ತಿನಲ್ಲೇ ಇಲ್ಲದ ಪುಸ್ತಕದ ಹೆಸರನ್ನೂ ಆಕರವಾಗಿ ಕೊಡುತ್ತದೆ. ಸಂಖ್ಯೆ ಇಳಿಯಿತು, ಸಾಲ ತೀರಲಿಲ್ಲ.

ಸಾಲ ಅಂದೆ. ಕನ್ನಡದ ಪ್ರಬಂಧಗಳಲ್ಲಿ ಕೊನೆಗೆ ಬರುವ ಪುಸ್ತಕಪಟ್ಟಿಗೆ ‘ಗ್ರಂಥಋಣ’ ಅನ್ನುವ ಚೆಂದದ ಹೆಸರಿದೆ. ಚೌರ್ಯ ಅನ್ನುವ ಪದಕ್ಕಿಂತ ಈ ಋಣ ನನಗೆ ಹೆಚ್ಚು ಒಪ್ಪಿಗೆ. ಸಾಲ ಮಾಡುವುದು ತಪ್ಪಲ್ಲ, ಸಾಲವಿಲ್ಲದೆ ಯಾರೂ ಪ್ರಬಂಧ ಬರೆದಿಲ್ಲ. ಆದರೆ ಎಲ್ಲ ಸಾಲವನ್ನೂ ಕೊನೆಯ ಪುಟದಲ್ಲಿ ಒಟ್ಟಿಗೆ ಬರೆದುಬಿಟ್ಟರೆ ಸಾಲದು. ಯಾವ ಮಾತು ಯಾರಿಂದ ಬಂತು ಅಂತ ಆ ಮಾತಿನ ಹತ್ತಿರವೇ ಇರಬೇಕು. ಎಂಟು ವಾಕ್ಯದ ಪ್ಯಾರಾ, ತುದಿಯಲ್ಲಿ ಒಂದು ಅಡಿಟಿಪ್ಪಣಿ. ಎಂಟೂ ಅವರದ್ದಾ, ಕೊನೆಯದೊಂದು ಮಾತ್ರವಾ? ತಂದ ಮಾತು ಶುರುವಾಗುವಲ್ಲಿ ಹೆಸರು ಹೇಳಿ, ಮುಗಿಯುವಲ್ಲಿ ಪುಟ ಸಂಖ್ಯೆ ಕೊಟ್ಟರೆ ಎಲ್ಲಿಂದ ಎಲ್ಲಿಯವರೆಗೆ ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಅನ್ನುವುದಕ್ಕೆ ಯಾರ ಹೆಸರೂ ಬೇಡ, ಅದು ಎಲ್ಲರ ಆಸ್ತಿ. ಯಾವುದು ಎಲ್ಲರದ್ದು, ಯಾವುದು ಒಬ್ಬರದ್ದು ಅಂತ ಅನುಮಾನ ಬಂದರೆ ಹೆಸರು ಹಾಕಿಬಿಡಿ. ಜಾಸ್ತಿ ಆಕರ ಕೊಟ್ಟು ಯಾರೂ ಫೇಲ್ ಆಗಿದ್ದು ನಾನು ನೋಡಿಲ್ಲ.

ಜಾಸ್ತಿ ಉದ್ಧರಣೆ ಕೊಟ್ಟು ಅಂಕ ಕಳಕೊಂಡವರನ್ನು ಮಾತ್ರ ನೋಡಿದ್ದೇನೆ. ತಪ್ಪಾದೀತು ಅನ್ನುವ ಭಯಕ್ಕೆ ಪ್ರತಿಯೊಂದನ್ನೂ ಕೋಟ್ ಒಳಗೆ ಹಾಕುತ್ತಾರೆ, ನಡುವೆ ಇವರದ್ದು ಎಂದರೆ ‘ಮುಂದುವರಿದು ಅವರು ಹೇಳುತ್ತಾರೆ’ ಅಷ್ಟೇ. ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನ ಬರೆದ ಮಲ್ಲಿನಾಥ ತನ್ನ ಕೆಲಸಕ್ಕೆ ಹಾಕಿಕೊಂಡ ಕಟ್ಟಳೆ ಇದು: ‘ನಾಮೂಲಂ ಲಿಖ್ಯತೇ ಕಿಂಚಿನ್ನಾನಪೇಕ್ಷಿತಮುಚ್ಯತೇ’. ಮೂಲದಲ್ಲಿಲ್ಲದ್ದನ್ನು ಬರೆಯುವುದಿಲ್ಲ, ಬೇಡದ್ದನ್ನು ಹೇಳುವುದಿಲ್ಲ. ಮೊದಲ ಅರ್ಧವನ್ನು ಎಲ್ಲರೂ ಹೇಳುತ್ತಾರೆ. ವಿದ್ಯಾರ್ಥಿಗಳಿಗೆ ಎರಡನೆಯದೂ ಅಷ್ಟೇ ಬೇಕು. ಲೇಖಕರು ಆ ಮಾತನ್ನು ಹೇಳಿದ ರೀತಿಯೇ ಮುಖ್ಯವಾದಾಗ ಉದ್ಧರಿಸಿ: ಒಂದು ವ್ಯಾಖ್ಯೆ, ಕಾನೂನಿನ ಒಂದು ಕಲಮು, ಕವಿತೆಯ ಸಾಲು, ನೀವು ಜಗಳಕ್ಕೆ ನಿಲ್ಲಬೇಕೆಂದಿರುವ ಹೇಳಿಕೆ. ಮಿಕ್ಕದ್ದನ್ನು ಅರ್ಥ ಮಾಡಿಕೊಂಡು ಹೇಳಿ. ಆಕರ, ಉದ್ಧರಣೆ ಕೊಡುವುದಕ್ಕೆ ಎಪಿಎ, ಎಮ್‌ಎಲ್‌ಎ ಎಂಬ ಶೈಲಿಗಳಿವೆ. ಎಪಿಎ ಶೈಲಿಯಲ್ಲಿ 40 ಪದ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಉದ್ಧರಣೆಯನ್ನು ಪ್ರತ್ಯೇಕ ಪ್ಯಾರಾ ಮಾಡಿ ಒಳಗೆ ಸರಿಸಿ ಇಡುತ್ತಾರೆ, ಆಗ ಚಿಹ್ನೆ ಬೇಡ. ಎಮ್‌ಎಲ್‌ಎ ಶೈಲಿಯಲ್ಲಿ ಗದ್ಯ ನಾಲ್ಕು ಸಾಲು ದಾಟಿದರೆ ಹಾಗೆ. ನಿಮ್ಮ ವಿಭಾಗದವರು ಯಾವುದು ಕೇಳುತ್ತಾರೋ ಅದು, ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನಿಲ್ಲ. ಮೂರು ಚುಕ್ಕಿಯ ಬಗ್ಗೆ ಮಾತ್ರ ಹುಷಾರು. ‘ಈ ಔಷಧಿ ಕೆಲವರಲ್ಲಿ ಮಾತ್ರ, ಅದೂ ಸ್ವಲ್ಪ ದಿನ, ಕೆಲಸ ಮಾಡುತ್ತದೆ’ ಅನ್ನುವುದನ್ನು ‘ಈ ಔಷಧಿ... ಕೆಲಸ ಮಾಡುತ್ತದೆ’ ಅಂತ ಮಾಡಿದರೆ ಪ್ರತಿ ಪದವೂ ಮೂಲದ್ದೇ, ಮಾತು ಮಾತ್ರ ಸುಳ್ಳು.

ಕಾಣದ ಪುಸ್ತಕದಿಂದ ಉದ್ಧರಿಸುವುದೂ ಒಂದು ಚಟ. ದೈತ್ಯರ ಹೆಗಲ ಮೇಲೆ ನಿಂತಿದ್ದರಿಂದ ನನಗೆ ದೂರ ಕಂಡಿತು ಎಂಬ ನ್ಯೂಟನ್ ಮಾತನ್ನು ಋಣದ ವಿಷಯ ಬಂದಾಗೆಲ್ಲ ತರುತ್ತಾರೆ. ನ್ಯೂಟನ್ ಅದನ್ನು ರಾಬರ್ಟ್ ಹುಕ್ ಎಂಬ ವಿಜ್ಞಾನಿಗೆ ಬರೆದ ಪತ್ರದಲ್ಲಿ ಹೇಳಿದ್ದು ನಿಜ. ಆದರೆ ಅದಕ್ಕೂ ಐನೂರು ವರ್ಷ ಹಿಂದೆ, 1159ರಲ್ಲಿ, ಜಾನ್ ಆಫ್ ಸಾಲಿಸ್‌ಬರಿ ಎಂಬ ಲೇಖಕ ಹೆಚ್ಚುಕಡಿಮೆ ಇದೇ ಹೋಲಿಕೆಯನ್ನು ಬರೆದು, ಇದು ಶಾರ್ತ್ರದ ಬರ್ನಾರ್ಡ್ ಹೇಳುತ್ತಿದ್ದ ಮಾತು ಎಂದು ಹೆಸರು ಕೊಟ್ಟಿದ್ದ. ಅವನು ‘ಅಂತೆ’ ಬಿಟ್ಟಿರಲಿಲ್ಲ! ನಡುವೆ ಯಾರದೋ ಪುಸ್ತಕದಲ್ಲಿ ಓದಿದ್ದಾದರೆ ಆ ಪುಸ್ತಕವನ್ನೇ ಹೇಳಿ, ‘ಇಂಥವರಲ್ಲಿ ಉಲ್ಲೇಖಿತ’ ಎಂದು. ಓದದೇ ಇರುವುದನ್ನು ಓದಿದ ಹಾಗೆ ತೋರಿಸಿದರೆ ಮಧ್ಯದವರ ತಪ್ಪು ನಿಮ್ಮ ತಲೆಗೆ ಬರುತ್ತದೆ.

ಇಷ್ಟೆಲ್ಲ ಯಾಕೆ, ಯಾರು ನೋಡುತ್ತಾರೆ ಅಂತ ನನಗೂ ಒಂದು ಕಾಲದಲ್ಲಿ ಅನ್ನಿಸುತ್ತಿತ್ತು. ಜರ್ಮನಿಯ ಶಿಕ್ಷಣ ಸಚಿವೆಯಾಗಿದ್ದ ಆನೆಟ್ಟೆ ಶಾವಾನ್ ಅವರ ಡಾಕ್ಟರೇಟ್ 1980ರದ್ದು. ತೆಗೆದುಕೊಂಡದ್ದನ್ನು ತೆಗೆದುಕೊಂಡದ್ದೆಂದು ಸರಿಯಾಗಿ ತೋರಿಸಿಲ್ಲ ಎಂದು ವಿಶ್ವವಿದ್ಯಾಲಯ 2013ರ ಫೆಬ್ರವರಿಯಲ್ಲಿ ಅದನ್ನು ಹಿಂತೆಗೆದುಕೊಂಡಿತು. ತಾನು ಮೋಸ ಮಾಡಿಲ್ಲ ಎಂದೇ ಅವರು ಹೇಳಿದರು, ಆದರೂ ಕೆಲವೇ ದಿನಗಳಲ್ಲಿ ಸಚಿವೆ ಸ್ಥಾನ ಬಿಟ್ಟರು. ನಡುವೆ 33 ವರ್ಷ. ಆ ಸುದ್ದಿ ಓದಿದಾಗ ನನಗೆ ಅದು ದೊಡ್ಡವರ ವಿಷಯ ಅನ್ನಿಸಿತ್ತು. ಹೋದ ವರ್ಷ ಆ ಪೆನ್ಸಿಲ್ ಗೆರೆ ಕಂಡಾಗ ಮತ್ತೆ ನೆನಪಾಯಿತು.

ಈಗ ನನ್ನ ಟಿಪ್ಪಣಿಯಲ್ಲಿ ಮೂರು ಬಗೆಯ ಗುರುತು ಇರುತ್ತದೆ. ಅವರ ಪದವಾದರೆ ಬರೆಯುವ ಮೊದಲೇ ಚಿಹ್ನೆ ತೆರೆಯುತ್ತೇನೆ, ಮುಚ್ಚಿದ ಕೂಡಲೇ ಪುಟ ಸಂಖ್ಯೆ. ಅವರ ವಿಚಾರ, ನನ್ನ ಪದವಾದರೆ ಪುಟ ಸಂಖ್ಯೆ ಮಾತ್ರ. ನನಗೆ ಹೊಳೆದದ್ದಾದರೆ ಪಕ್ಕದಲ್ಲಿ ‘ನಾ’. ಕಂಪ್ಯೂಟರಿನಲ್ಲಿ ಕಾಪಿ-ಪೇಸ್ಟ್ ಮಾಡಿದ್ದು ಬೇರೆ ಬಣ್ಣದಲ್ಲೇ ಉಳಿಯುತ್ತದೆ, ಕೊನೆಯ ದಿನದವರೆಗೂ.

ಹಳೆಯ ಪ್ರಬಂಧದ ನನ್ನ ಪ್ರತಿಯಲ್ಲಿ ಆ ಸಾಲಿನ ಎರಡೂ ತುದಿಗೆ ಉದ್ಧರಣ ಚಿಹ್ನೆ ಹಾಕಿದೆ. ನಾನು ಬದಲಾಯಿಸಿದ್ದ ಎರಡು ಪದ ಹೊಡೆದು ಮೂಲದವನ್ನು ಬರೆದೆ, ಪುಟ ಸಂಖ್ಯೆ ಸೇರಿಸಿದೆ. ಗೈಡ್ ಬರೆದ ‘ಚೆನ್ನಾಗಿದೆ’ ಪಕ್ಕದಲ್ಲೇ ಇದೆ, ಅದನ್ನು ಮುಟ್ಟಲಿಲ್ಲ. ನೋಟ್‌ಬುಕ್ಕಿನ ಅದೇ ಪುಟದಲ್ಲಿ ಇನ್ನೊಂದು ವಾಕ್ಯವಿದೆ, ಅದೂ ಪ್ರಬಂಧದೊಳಗೆ ಹೋಗಿದೆ. ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆ, ಎಲ್ಲೂ ಸಿಗಲಿಲ್ಲ. ನನ್ನದೇ ಇರಬಹುದು. ಪಕ್ಕದಲ್ಲಿ ‘ನಾ’ ಅಂತ ಬರೆಯಲು ಹೋಗಿ, ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಹಾಕಿ ಬಿಟ್ಟಿದ್ದೇನೆ.